ಸ್ವಿಚ್ ಒತ್ತುವ ಮೊದಲು: ಮನೆಯ ಕಾರ್ಯಾಗಾರದಲ್ಲಿ ವಿದ್ಯುತ್ ಉಪಕರಣಗಳನ್ನು ಸುರಕ್ಷಿತವಾಗಿ ಬಳಸುವ ಕ್ರಮ

ಮೇಜಿನ ಗರಗಸದಲ್ಲಿ, ಅಂದರೆ ಟೇಬಲ್ ಸಾ ಯಂತ್ರದಲ್ಲಿ, 40 ಹಲ್ಲುಗಳ ಹತ್ತು ಇಂಚಿನ ಬ್ಲೇಡ್ ನಿಮಿಷಕ್ಕೆ ಸುಮಾರು 4,000 ಸುತ್ತು ತಿರುಗುತ್ತದೆ. ಏನೋ ತಪ್ಪಿತೆಂದು ಕಣ್ಣಿಗೆ ಕಂಡು, ಅದು ಮಿದುಳಿಗೆ ಮುಟ್ಟಿ, ಕೈ ಹಿಂದಕ್ಕೆ ಸರಿಯಲು ತೊಡಗುವುದಕ್ಕೆ ಚುರುಕಾದ ಮನುಷ್ಯನಿಗೂ ಸುಮಾರು 0.2 ಸೆಕೆಂಡ್ ಬೇಕು. ಅಷ್ಟು ಹೊತ್ತಿಗೆ ಆ ಬ್ಲೇಡ್ ಹದಿಮೂರು ಸುತ್ತು ಮುಗಿಸಿರುತ್ತದೆ. ಐನೂರಕ್ಕೂ ಹೆಚ್ಚು ಹಲ್ಲುಗಳು ಒಂದೇ ಬಿಂದುವನ್ನು ಹಾದುಹೋಗಿರುತ್ತವೆ. ಈ ಲೆಕ್ಕವನ್ನು ಒಮ್ಮೆ ಮಾಡಿ ನೋಡಿದವರಿಗೆ, ಅಪಘಾತ ಆರಂಭವಾದ ಮೇಲೆ ಕೈಚಳಕವಾಗಲಿ ಅನುಭವವಾಗಲಿ ನೆರವಿಗೆ ಬರುವುದಿಲ್ಲವೆಂಬುದು ತಾನಾಗಿ ತಿಳಿಯುತ್ತದೆ. ಕೈ ಎಲ್ಲಿರಬೇಕು, ಮೈ ಎಲ್ಲಿ ನಿಲ್ಲಬೇಕು, ಹಲಗೆಯನ್ನು ಯಾವುದು ಹಿಡಿದಿರಬೇಕು ಎಂಬುದೆಲ್ಲ ಸ್ವಿಚ್ ಒತ್ತುವ ಮೊದಲೇ ತೀರ್ಮಾನವಾಗಿರಬೇಕು.

ಪ್ರತಿ ಬಾರಿಯೂ, ಎಷ್ಟೇ ಸಣ್ಣ ಕೆಲಸವಾದರೂ, ಉಪಕರಣವನ್ನು ಚಾಲೂ ಮಾಡುವ ಮುನ್ನ ನಾನು ಮೂರು ಪ್ರಶ್ನೆ ಕೇಳಿಕೊಳ್ಳುತ್ತೇನೆ. ಹಲಗೆ ಜಾರಿದರೆ ಎತ್ತ ಹೋಗುತ್ತದೆ? ಉಪಕರಣ ಚಿಮ್ಮಿದರೆ ಎತ್ತ ಚಿಮ್ಮುತ್ತದೆ? ಆ ಕ್ಷಣದಲ್ಲಿ ನನ್ನ ಬೆರಳು, ಮುಖ, ಹೊಟ್ಟೆ ಆ ದಾರಿಯಲ್ಲಿ ಇರುತ್ತವೆಯೇ? ಮೂರಕ್ಕೂ ಸ್ಪಷ್ಟ ಉತ್ತರ ಸಿಗದಿದ್ದರೆ ಕೆಲಸವನ್ನು ಮತ್ತೆ ಜೋಡಿಸಿಕೊಳ್ಳಬೇಕು. ಮುಂದಿನ ಹಂತಗಳೆಲ್ಲ ಈ ಮೂರು ಪ್ರಶ್ನೆಗಳಿಗೆ ಸರಿಯಾದ ಉತ್ತರವನ್ನು ಮೊದಲೇ ಸಿದ್ಧಪಡಿಸಿಕೊಳ್ಳುವ ಬಗೆಗಳು.

ಹಂತ 1: ಜಾಗವನ್ನು ಅಣಿಗೊಳಿಸುವುದು

ಕಾರ್ಯಾಗಾರವೆಂದರೆ ದೊಡ್ಡ ಕೋಣೆಯೇ ಆಗಬೇಕಿಲ್ಲ. ಆದರೆ ನಿಂತಲ್ಲಿಂದ ಒಂದು ಹೆಜ್ಜೆ ಹಿಂದೆ ಸರಿಯಲು ಜಾಗ ಇರಲೇಬೇಕು. ಕಾಲಿಗೆ ಸಿಗುವ ತುಂಡುಗಳು, ಸುತ್ತಿಕೊಂಡ ವೈರ್, ನುಣುಪು ನೆಲದ ಮೇಲೆ ಹರಡಿದ ಮರದ ಹೊಟ್ಟು, ಇವು ಜಾರಿ ಬೀಳುವುದಕ್ಕೆ ಕಾರಣವಾಗುತ್ತವೆ. ಕೈಯಲ್ಲಿ ತಿರುಗುತ್ತಿರುವ ಬ್ಲೇಡ್ ಇರುವಾಗ ಎಡವುವುದು ಬರಿಗೈಯಲ್ಲಿ ಎಡವಿದಂತಲ್ಲ. ಉದ್ದನೆಯ ಹಲಗೆಯನ್ನು ಟೇಬಲ್ ಸಾ ಮೇಲೆ ಸೀಳುವುದಾದರೆ ಬ್ಲೇಡಿನ ಮುಂದೆ ಹಲಗೆಯಷ್ಟು ಉದ್ದ ಜಾಗ, ಹಿಂದೆಯೂ ಅಷ್ಟೇ ಜಾಗ ಬೇಕು. ಮಧ್ಯದಲ್ಲಿ ಹಲಗೆಯ ತುದಿ ಗೋಡೆಗೆ ತಾಗಿತೆಂದರೆ ಗಾಬರಿಯಿಂದ ಅದನ್ನು ಹಿಂದಕ್ಕೆ ಎಳೆಯುತ್ತೇವೆ, ಅನಾಹುತ ಆಗುವುದು ಅಲ್ಲೇ.

ಬೆಳಕು ಧಾರಾಳವಾಗಿರಲಿ, ಒಂದೇ ಕಡೆಯಿಂದ ಬಂದು ಬ್ಲೇಡಿನ ಮೇಲೆ ನಿಮ್ಮದೇ ನೆರಳು ಬೀಳದಂತಿರಲಿ. ಹಳೆಯ ಚೋಕ್ ಇರುವ ಟ್ಯೂಬ್‌ಲೈಟ್ ಕಣ್ಣಿಗೆ ಕಾಣದಂತೆ ಸೆಕೆಂಡಿಗೆ 100 ಅಥವಾ 120 ಬಾರಿ ಮಿನುಗುತ್ತದೆ. ಯಂತ್ರದ ವೇಗಕ್ಕೂ ಆ ಮಿನುಗಿಗೂ ತಾಳೆಯಾದರೆ, ತಿರುಗುತ್ತಿರುವ ಭಾಗ ನಿಂತಂತೆ ಅಥವಾ ನಿಧಾನವಾಗಿ ಹಿಮ್ಮುಖವಾಗಿ ಸುತ್ತುವಂತೆ ಕಾಣಬಹುದು. ಆದ್ದರಿಂದ ತಿರುಗುವ ಯಂತ್ರಗಳಿರುವ ಕಡೆ ಅಂಥ ಒಂದೇ ದೀಪವನ್ನು ನೆಚ್ಚಿಕೊಳ್ಳದೆ, ಮಿನುಗದಂಥ ಒಳ್ಳೆಯ ಎಲ್‌ಇಡಿ ದೀಪವೊಂದನ್ನು ಹತ್ತಿರದಲ್ಲೇ ಹಾಕಿಕೊಳ್ಳುವುದು ಉತ್ತಮ.

ಮನೆಯವರೊಡನೆ ಒಂದು ಒಪ್ಪಂದ ಮಾಡಿಕೊಳ್ಳಿ. ಯಂತ್ರ ಓಡುತ್ತಿರುವಾಗ ಯಾರೂ ಹಿಂದಿನಿಂದ ಬಂದು ಹೆಗಲು ಮುಟ್ಟಬಾರದು; ಕಿವಿರಕ್ಷಕ ಹಾಕಿಕೊಂಡವನಿಗೆ ಹೆಜ್ಜೆ ಸಪ್ಪಳ ಕೇಳಿಸುವುದಿಲ್ಲ, ಬೆಚ್ಚಿಬಿದ್ದರೆ ಕೈ ಎತ್ತ ಹೋಗುತ್ತದೆಂದು ಹೇಳಲಾಗದು. ಕರೆಯಬೇಕಾದವರು ಬಾಗಿಲ ಬಳಿ ಕಣ್ಣಿಗೆ ಕಾಣುವಂತೆ ನಿಂತು, ಯಂತ್ರ ನಿಲ್ಲುವವರೆಗೆ ಕಾಯಲಿ. ಮಕ್ಕಳಿರುವ ಮನೆಯಲ್ಲಿ ಕೆಲಸ ಮುಗಿದೊಡನೆ ಪ್ಲಗ್ ಕಿತ್ತು, ಬ್ಯಾಟರಿ ತೆಗೆದು, ಬಾಗಿಲಿಗೆ ಬೀಗ ಹಾಕಬೇಕು. ಇದರಲ್ಲಿ ರಿಯಾಯಿತಿ ಇಲ್ಲ.

ಹಂತ 2: ವಿದ್ಯುತ್ತಿನ ದಾರಿಯನ್ನು ಪರೀಕ್ಷಿಸುವುದು

ಉಪಕರಣದ ಹೆಸರು ಫಲಕವನ್ನು ನೋಡಿ. ಚೌಕದೊಳಗೆ ಇನ್ನೊಂದು ಚೌಕದ ಗುರುತು ಇದ್ದರೆ ಅದು ಇಮ್ಮಡಿ ನಿರೋಧಕವಿರುವ ಉಪಕರಣ. ಅದಕ್ಕೆ ಅರ್ತ್ ಸಂಪರ್ಕ ಇರುವುದಿಲ್ಲ, ಬೇಕಾಗಿಯೂ ಇಲ್ಲ. ಆ ಗುರುತಿಲ್ಲದೆ ಲೋಹದ ಮೈ ಇರುವ ಯಂತ್ರಗಳಿಗೆ ಮೂರು ಪಿನ್ನಿನ ಪ್ಲಗ್ ಮತ್ತು ನಿಜವಾಗಿಯೂ ಕೆಲಸ ಮಾಡುವ ಅರ್ತ್ ಎರಡೂ ಕಡ್ಡಾಯ. ಮೂರನೆಯ ಪಿನ್ ಮುರಿದು ಬಳಸುವುದು, ಪ್ಲಗ್ ಇಲ್ಲದೆ ತಂತಿಯ ತುದಿಗಳನ್ನು ಸಾಕೆಟ್ಟಿಗೆ ತುರುಕುವುದು, ಇವು ಸಣ್ಣ ತಪ್ಪುಗಳಲ್ಲ.

ಕಾರ್ಯಾಗಾರಕ್ಕೆ ಹೋಗುವ ಲೈನಿನಲ್ಲಿ ಸೋರಿದ ಕರೆಂಟನ್ನು ಗುರುತಿಸಿ ಲೈನ್ ಕಡಿಯುವ, 30 ಮಿಲಿಆಂಪಿಯರ್ ಸೂಕ್ಷ್ಮತೆಯ ಆರ್‌ಸಿಸಿಬಿ ಇರಲಿ. ಸಾಮಾನ್ಯ ಎಂಸಿಬಿ ಹಲವು ಆಂಪಿಯರ್‌ಗಳ ಹೊರೆಗೆ ಮಾತ್ರ ಬೀಳುವಂಥದ್ದು. ಅದು ತಂತಿಯನ್ನು ಉಳಿಸುತ್ತದೆಯೇ ಹೊರತು ಮನುಷ್ಯನನ್ನು ಉಳಿಸುವುದಿಲ್ಲ, ಏಕೆಂದರೆ ಎದೆಯ ಮೂಲಕ ಹರಿದು ಹೃದಯದ ಲಯ ಕೆಡಿಸಲು ಆಂಪಿಯರಿನ ಒಂದು ಸಣ್ಣ ಭಾಗವೇ ಸಾಕು. ಒಳಹೋದ ಕರೆಂಟಿಗೂ ಹಿಂದಿರುಗಿದ ಕರೆಂಟಿಗೂ ವ್ಯತ್ಯಾಸ ಕಂಡೊಡನೆ ಆರ್‌ಸಿಸಿಬಿ ಸೆಕೆಂಡಿನ ಭಾಗದಲ್ಲೇ ಲೈನನ್ನು ಕಡಿಯುತ್ತದೆ. ಅದರ ಮೇಲಿರುವ ಪರೀಕ್ಷಾ ಗುಂಡಿಯನ್ನು ಆಗಾಗ ಒತ್ತಿ, ಅದು ಬೀಳುತ್ತಿದೆಯೇ ಎಂದು ನೋಡಬೇಕು.

ಎಕ್ಸ್‌ಟೆನ್ಷನ್ ವೈರ್ ಸುರುಳಿಯ ರೂಪದಲ್ಲಿದ್ದರೆ, ಬೇಕಾಗಿರುವುದು ಎರಡೇ ಮೀಟರ್ ಆದರೂ ಪೂರ್ತಿ ಬಿಚ್ಚಿ ಬಳಸಿ. ಸುತ್ತಿದ ಸ್ಥಿತಿಯಲ್ಲಿ ಬಿಸಿ ಹೊರಹೋಗಲು ದಾರಿಯಿಲ್ಲದೆ ಒಳಪದರಗಳ ನಿರೋಧಕ ಕರಗುತ್ತದೆ. ತೆಳುವಾದ ತಂತಿಯಲ್ಲಿ ದೂರದವರೆಗೆ ಕರೆಂಟ್ ಎಳೆದರೆ ವೋಲ್ಟೇಜ್ ಇಳಿದು ಮೋಟಾರ್ ಬಿಸಿಯಾಗುತ್ತದೆ. ಮನೆಯ ಸಾಮಾನ್ಯ ಡ್ರಿಲ್, ಲೋಹ ಕತ್ತರಿಸಿ ಉಜ್ಜುವ ಗ್ರೈಂಡರ್‌ಗಳಿಗೂ 1.5 ಚದರ ಮಿಲಿಮೀಟರಿಗಿಂತ ಸಣ್ಣ ತಾಮ್ರದ ತಂತಿಯನ್ನು ನಾನು ಬಳಸುವುದಿಲ್ಲ, ದೊಡ್ಡ ಗರಗಸಕ್ಕೆ 2.5 ಒಳ್ಳೆಯದು.

ಪ್ಲಗ್ ಹಾಕುವ ಮುನ್ನ ಉಪಕರಣದ ಸ್ವಿಚ್ ಆಫ್ ಇದೆಯೇ ಎಂದು ನೋಡುವುದು ಅಭ್ಯಾಸವಾಗಬೇಕು. ಕೆಲಸದ ನಡುವೆ ಕರೆಂಟ್ ಹೋದರೆ ಅನೇಕರು ಲಾಕ್ ಆಗಿರುವ ಸ್ವಿಚ್ಚನ್ನು ಹಾಗೆಯೇ ಬಿಟ್ಟು ಗ್ರೈಂಡರನ್ನು ಮೇಜಿನ ಮೇಲಿಟ್ಟು ಹೊರಗೆ ಹೋಗುತ್ತಾರೆ; ಕರೆಂಟ್ ಬಂದಾಗ ಅದು ತಾನಾಗಿ ತಿರುಗಲಾರಂಭಿಸಿ ಮೇಜಿನಿಂದ ಹಾರುತ್ತದೆ. ಕರೆಂಟ್ ಹೋದ ಕ್ಷಣವೇ ಸ್ವಿಚ್ ಆಫ್ ಮಾಡಿ, ಪ್ಲಗ್ ಕೀಳಿ. ಬ್ಲೇಡ್, ಬಿಟ್, ಡಿಸ್ಕ್ ಬದಲಿಸುವಾಗ ಗೋಡೆಯ ಸ್ವಿಚ್ ಆಫ್ ಮಾಡಿದ್ದರಷ್ಟೇ ಸಾಲದು; ಕಿತ್ತ ಪ್ಲಗ್ ನಿಮ್ಮ ಕಣ್ಣೆದುರು ಮೇಜಿನ ಮೇಲೆ ಇರಬೇಕು. ಬ್ಯಾಟರಿಯ ಉಪಕರಣವಾದರೆ ಬ್ಯಾಟರಿಯೇ ಅಲ್ಲಿರಬೇಕು.

ಹಂತ 3: ಕಣ್ಣು, ಕಿವಿ, ಶ್ವಾಸ, ಉಡುಪು

ದೃಷ್ಟಿದೋಷಕ್ಕೆ ಹಾಕುವ ಕನ್ನಡಕ ರಕ್ಷಣಾ ಕನ್ನಡಕವಲ್ಲ. ಅದರ ಪಕ್ಕಗಳು ತೆರೆದಿರುತ್ತವೆ, ಗಾಜು ಒಡೆದು ಕಣ್ಣಿಗೇ ಬರಬಹುದು. ಇಎನ್ 166 ಅಥವಾ ಝಡ್87 ಎಂಬ ಸುರಕ್ಷತಾ ಮಾನಕದ ಗುರುತಿರುವ, ಪಕ್ಕಗಳನ್ನೂ ಮುಚ್ಚುವ ಕನ್ನಡಕ ಬೇಕು. ಗ್ರೈಂಡರ್ ಹಿಡಿಯುವಾಗ ಅದರ ಮೇಲೆ ಮುಖಕವಚವನ್ನೂ ಹಾಕಿಕೊಳ್ಳಬೇಕು. ಕವಚದ ಕೆಳಗಿನಿಂದ ಕಿಡಿ ನುಗ್ಗುವುದರಿಂದ ಕವಚವೊಂದೇ ಸಾಲದು, ಕನ್ನಡಕ ಮುಖವನ್ನು ಕಾಯದಿರುವುದರಿಂದ ಅದೊಂದೇ ಸಾಲದು.

ಕಿವಿಯ ಹಾನಿ ನೋವಿಲ್ಲದೆ ಬರುತ್ತದೆ, ಹೋದ ಶ್ರವಣ ಮರಳುವುದಿಲ್ಲ. ಕೆಲಸಗಾರರ ಸುರಕ್ಷತೆ ಮತ್ತು ಆರೋಗ್ಯದ ಸಂಶೋಧನೆ ನಡೆಸುವ ಅಮೆರಿಕದ ನಿಯೋಶ್ ಸಂಸ್ಥೆಯ ಶಿಫಾರಸಿನಂತೆ 85 ಡೆಸಿಬೆಲ್ ಸದ್ದಿನಲ್ಲಿ ದಿನಕ್ಕೆ ಎಂಟು ಗಂಟೆ ಇರಬಹುದು. ಅಲ್ಲಿಂದ ಪ್ರತಿ 3 ಡೆಸಿಬೆಲ್ ಏರಿದಾಗಲೂ ಆ ಅವಧಿ ಅರ್ಧಕ್ಕಿಳಿಯುತ್ತದೆ. ಹಾಗೆ ಲೆಕ್ಕ ಹಾಕುತ್ತ ಹೋದರೆ 100 ಡೆಸಿಬೆಲ್ಲಿಗೆ ಉಳಿಯುವುದು ಹದಿನೈದೇ ನಿಮಿಷ. ವೃತ್ತಾಕಾರದ ಗರಗಸ, ಗ್ರೈಂಡರ್, ಮರದ ಅಂಚು ಮತ್ತು ತೋಡುಗಳನ್ನು ಕೊರೆಯುವ ರೂಟರ್‌ಗಳ ಸದ್ದು ಇದರ ಆಸುಪಾಸಿನದು. ಫೋಮಿನ ಕಿವಿಬಿರಡೆಯನ್ನು ಬೆರಳುಗಳ ನಡುವೆ ಹೊಸೆದು ತೆಳ್ಳಗೆ ಮಾಡಿ, ಇನ್ನೊಂದು ಕೈಯನ್ನು ತಲೆಯ ಹಿಂದಿನಿಂದ ತಂದು ಕಿವಿಯನ್ನು ಮೇಲಕ್ಕೆಳೆದು, ಒಳಗೆ ಸೇರಿಸಿ ಅದು ಹಿಗ್ಗುವವರೆಗೆ ಒತ್ತಿ ಹಿಡಿಯಬೇಕು. ಕಿವಿಯ ಬಾಯಿಗೆ ಸುಮ್ಮನೆ ಸಿಕ್ಕಿಸಿದ ಬಿರಡೆಯಿಂದ ಪ್ರಯೋಜನ ಅತ್ಯಲ್ಪ.

ಧೂಳಿನ ವಿಷಯದಲ್ಲಿ ಮನೆಯಲ್ಲಿ ಕೆಲಸ ಮಾಡುವವರು ಬಹಳ ಉದಾಸೀನರೆಂಬುದು ನನ್ನ ಅನಿಸಿಕೆ. ಮರವೆಂದರೆ ನಿಸರ್ಗದ ವಸ್ತು, ಅದರ ಪುಡಿ ಏನು ಮಾಡೀತು ಎಂಬ ಭಾವನೆ ಅದಕ್ಕೆ ಕಾರಣವಿರಬಹುದು. ವಿಶ್ವ ಆರೋಗ್ಯ ಸಂಸ್ಥೆಯ ಅಂಗವಾದ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 1995ರಲ್ಲೇ ಮರದ ಧೂಳನ್ನು ಮನುಷ್ಯರಲ್ಲಿ ಕ್ಯಾನ್ಸರ್ ಉಂಟುಮಾಡುವುದು ಖಚಿತವಾಗಿರುವ ಮೊದಲ ಗುಂಪಿಗೆ ಸೇರಿಸಿದೆ. ಮುಖ್ಯವಾಗಿ ಮೂಗು ಮತ್ತು ಅದರ ಪಕ್ಕದ ಕುಹರಗಳ ಕ್ಯಾನ್ಸರ್ ಅದು. ಕಾಂಕ್ರೀಟ್, ಕಲ್ಲು, ಟೈಲ್ಸ್ ಕತ್ತರಿಸುವಾಗ ಏಳುವ ಸಿಲಿಕಾ ಧೂಳೂ ಅದೇ ಗುಂಪಿನದು, ಅದರ ಜೊತೆಗೆ ಶ್ವಾಸಕೋಶವನ್ನು ಗಡುಸಾಗಿಸುವ ಸಿಲಿಕೋಸಿಸ್ ರೋಗವನ್ನೂ ತರುತ್ತದೆ. ಮೊದಲು ಧೂಳು ಏಳದಂತೆ ನೋಡಿಕೊಳ್ಳಿ: ಉಪಕರಣದ ಧೂಳಿನ ಕೊಳವೆಗೆ ವ್ಯಾಕ್ಯೂಮ್ ಜೋಡಿಸಿ, ಕಲ್ಲು ಕತ್ತರಿಸಲು ನೀರು ಹಾಯಿಸುವಂತೆಯೇ ತಯಾರಾದ ಕಟರ್ ಬಳಸಿ. ಆಮೇಲೆ ಎನ್95 ಅಥವಾ ಎಫ್‌ಎಫ್‌ಪಿ2 ದರ್ಜೆಯ ಮುಖಗವಸನ್ನು ಮೂಗಿನ ಮೇಲೆ ಬಿಗಿಯಾಗಿ ಕೂರುವಂತೆ ಹಾಕಿಕೊಳ್ಳಿ. ಬಟ್ಟೆ ಕಟ್ಟಿಕೊಂಡರೆ ಕಣ್ಣಿಗೆ ಕಾಣುವ ದಪ್ಪ ಪುಡಿ ನಿಲ್ಲುತ್ತದೆಯೇ ಹೊರತು, ಶ್ವಾಸಕೋಶದ ಆಳಕ್ಕಿಳಿಯುವ ಸೂಕ್ಷ್ಮ ಕಣಗಳು ನಿಲ್ಲುವುದಿಲ್ಲ.

ಅಂಗಿಯ ತೋಳು ಮೊಣಕೈವರೆಗೆ ಅಥವಾ ಮಣಿಕಟ್ಟಿಗೆ ಬಿಗಿಯಾಗಿರಲಿ. ಜೋಲಾಡುವ ಶಾಲು, ದುಪಟ್ಟಾ, ಸರ, ಉಂಗುರ, ಕೈಗಡಿಯಾರ, ಕುತ್ತಿಗೆಯ ದಾರ ಯಾವುದೂ ಬೇಡ. ಉದ್ದ ಕೂದಲನ್ನು ಎತ್ತಿ ಕಟ್ಟಿ ಟೋಪಿಯೊಳಗೆ ಸೇರಿಸಬೇಕು. ಕೈಗವಸು ಹಾಕಿಕೊಂಡಷ್ಟೂ ಸುರಕ್ಷಿತ ಎಂಬ ನಂಬಿಕೆ ಇಲ್ಲಿ ತಪ್ಪು. ಡ್ರಿಲ್ ಪ್ರೆಸ್ (ಕಂಬಕ್ಕೆ ಕೂರಿಸಿದ ಡ್ರಿಲ್), ಟೇಬಲ್ ಸಾ, ರೂಟರ್ ಮುಂತಾದವುಗಳ ಬಳಿ ಗವಸಿನ ಒಂದು ಎಳೆ ಸಿಕ್ಕಿಕೊಂಡರೂ ಅದು ಇಡೀ ಕೈಯನ್ನು ಒಳಗೆಳೆಯುತ್ತದೆ. ಆಂಗಲ್ ಗ್ರೈಂಡರಿನಲ್ಲಿ ಎರಡೂ ಕೈ ಹಿಡಿಕೆಗಳ ಮೇಲೇ ಇರುವುದರಿಂದ ಮತ್ತು ಕಿಡಿಗಳಿರುವುದರಿಂದ ಕೈಗೆ ಬಿಗಿಯಾಗಿ ಕೂರುವ ಚರ್ಮದ ಗವಸು ಸರಿ.

ಹಂತ 4: ಸಾಮಗ್ರಿಯನ್ನು ಬಿಗಿಯುವುದು

ಒಂದು ಕೈಯಲ್ಲಿ ತುಂಡನ್ನು ಹಿಡಿದು ಇನ್ನೊಂದು ಕೈಯಲ್ಲಿ ಉಪಕರಣ ಓಡಿಸುವುದು ಮನೆಯ ಕೆಲಸಗಳಲ್ಲಿ ನಾನು ಕಂಡಿರುವ ಅತ್ಯಂತ ಸಾಮಾನ್ಯ ತಪ್ಪು. ಎರಡು ಒಳ್ಳೆಯ ಕ್ಲ್ಯಾಂಪ್ ಮತ್ತು ಮೇಜಿಗೆ ಬೋಲ್ಟ್ ಹಾಕಿ ಕೂರಿಸಿದ ಒಂದು ಬೆಂಚ್ ವೈಸ್, ಇವು ಡ್ರಿಲ್ಲಿಗಿಂತ ಮೊದಲು ಮನೆಗೆ ಬರಬೇಕಾದ ವಸ್ತುಗಳು. ಒಂದೇ ಕ್ಲ್ಯಾಂಪ್ ಹಾಕಿದರೆ ತುಂಡು ಅದನ್ನೇ ಗೂಟ ಮಾಡಿಕೊಂಡು ತಿರುಗುತ್ತದೆ, ಎರಡು ಹಾಕಿ. ಬಿಗಿದ ಮೇಲೆ ಉಪಕರಣ ತಳ್ಳುವ ದಿಕ್ಕಿನಲ್ಲೇ ಕೈಯಿಂದ ಬಲವಾಗಿ ತಳ್ಳಿ ನೋಡಿ, ಅಲುಗಿದರೆ ಮತ್ತೆ ಬಿಗಿಯಿರಿ. ಹಳೆಯ ಮರವಾದರೆ ಅದರೊಳಗಿನ ಮೊಳೆಗಳನ್ನು ಹುಡುಕಿ ತೆಗೆಯಬೇಕು, ಗಂಟುಗಳೆಲ್ಲಿವೆ ಎಂದು ಗುರುತಿಸಿಕೊಳ್ಳಬೇಕು.

ಇನ್ನು ಒಂದೊಂದೇ ಉಪಕರಣದ ಕಡೆ ಬರೋಣ.

ಡ್ರಿಲ್

ಡ್ರಿಲ್ ನಿರಪಾಯಕಾರಿಯಂತೆ ಕಾಣುವುದರಿಂದಲೇ ಅದರ ಬಗ್ಗೆ ಎಚ್ಚರ ತಪ್ಪುತ್ತದೆ. ಅಪಾಯದ ಕ್ಷಣ ರಂಧ್ರ ಆರಂಭವಾಗುವಾಗಲ್ಲ, ಬಿಟ್ ಇನ್ನೊಂದು ಬದಿಯಿಂದ ಹೊರಬರುವಾಗ. ಆಗ ಉಳಿದಿರುವ ತೆಳ್ಳನೆಯ ಪದರವನ್ನು ಬಿಟ್ಟಿನ ಅಂಚು ಸ್ಕ್ರೂನಂತೆ ಕಚ್ಚಿಕೊಳ್ಳುತ್ತದೆ; ಬಿಟ್ ನಿಲ್ಲುತ್ತದೆ, ಮೋಟಾರ್ ನಿಲ್ಲುವುದಿಲ್ಲ, ಆದ್ದರಿಂದ ಡ್ರಿಲ್ಲಿನ ಮೈಯೇ ತಿರುಗುತ್ತದೆ. ಕಬ್ಬಿಣದ ಪಟ್ಟಿಯೊಂದಕ್ಕೆ 12 ಮಿಲಿಮೀಟರಿನ ರಂಧ್ರ ಹಾಕುವಾಗ ಪಕ್ಕದ ಹಿಡಿಕೆಯನ್ನು ಜೋಡಿಸದ ಸೋಮಾರಿತನಕ್ಕೆ ನನ್ನ ಮಣಿಕಟ್ಟು ಮೂರು ವಾರ ಊದಿಕೊಂಡಿತ್ತು. ಅಂದಿನಿಂದ ಆ ಹಿಡಿಕೆಯನ್ನು ನಾನು ಬಿಚ್ಚುವುದೇ ಇಲ್ಲ.

ರಂಧ್ರ ಬೇಕಾದಲ್ಲಿ ಮೊದಲು ಸೆಂಟರ್ ಪಂಚಿನಿಂದ ಗುರುತು ಮಾಡಿ, ಸಣ್ಣ ಬಿಟ್ಟಿನಿಂದ ದಾರಿ ತೆರೆದು, ಆಮೇಲೆ ದೊಡ್ಡ ಬಿಟ್ ಹಾಕಿ. ಬಿಟ್ ದಪ್ಪವಾದಷ್ಟೂ, ಲೋಹ ಗಟ್ಟಿಯಾದಷ್ಟೂ ವೇಗ ಕಡಿಮೆ ಇರಬೇಕು. ಬಿಟ್ ಹೊರಬೀಳುವ ಹೊತ್ತಿಗೆ ಒತ್ತಡ ಸಡಿಲಿಸಿ, ಕೆಳಗೊಂದು ಬೇಡದ ಮರದ ತುಂಡನ್ನಿಟ್ಟು ಅದರೊಳಕ್ಕೆ ಇಳಿಯುವಂತೆ ಮಾಡಿ. ಗೋಡೆಗೆ ಡ್ರಿಲ್ ಮಾಡುವಾಗ ಸ್ವಿಚ್ ಬೋರ್ಡಿನ ನೇರಕ್ಕೆ ಮೇಲೆ, ಕೆಳಗೆ, ಅಡ್ಡಕ್ಕೆ ತಂತಿ ಹೋಗಿರಬಹುದೆಂದು ಮೊದಲೇ ಭಾವಿಸಿಕೊಳ್ಳಬೇಕು.

ಡ್ರಿಲ್ ಪ್ರೆಸ್ಸಿನ ಬಿಟ್ ಮೇಲಿನಿಂದ ನೋಡಿದರೆ ಗಡಿಯಾರದ ಮುಳ್ಳಿನ ದಿಕ್ಕಿಗೆ ತಿರುಗುತ್ತದೆ. ಉದ್ದನೆಯ ತುಂಡಿನ ಬಾಲವನ್ನು ಕಂಬದ ಎಡಬದಿಗೆ ತಾಗುವಂತೆ ಇಟ್ಟರೆ, ಬಿಟ್ ಕಚ್ಚಿದಾಗ ಅದು ಕಂಬಕ್ಕೆ ಒತ್ತಿ ನಿಲ್ಲುತ್ತದೆ. ಬಲಬದಿಗೆ ಇಟ್ಟರೆ ಸುತ್ತಿ ಬಂದು ನಿಮ್ಮ ಪಕ್ಕೆಲುಬಿಗೆ ಬಡಿಯುತ್ತದೆ. ಮೊದಲ ಪ್ರಶ್ನೆಯ ಉತ್ತರವನ್ನು ಹೀಗೆ ಇಡುವ ಜಾಗದಿಂದಲೇ ನಿರ್ಧರಿಸಬಹುದು. ಚಕ್ಕಿನ, ಅಂದರೆ ಬಿಟ್ ಹಿಡಿಯುವ ಬಾಯಿಯ, ಕೀಲಿಯನ್ನು ಕೈಯಿಂದ ಬಿಡುವುದು ಅದನ್ನು ಚಕ್ಕಿನಿಂದ ತೆಗೆದ ಮೇಲೆ ಮಾತ್ರ ಎಂಬ ನಿಯಮ ಇಟ್ಟುಕೊಳ್ಳಿ.

ಕೈಯಲ್ಲಿ ಹಿಡಿಯುವ ವೃತ್ತಾಕಾರದ ಗರಗಸ

ಕಿಕ್‌ಬ್ಯಾಕ್ ಎಂದರೇನೆಂದು ಅರ್ಥವಾಗದೆ ಈ ಗರಗಸವನ್ನು ಹಿಡಿಯಬಾರದು. ಬ್ಲೇಡಿನ ಮುಂಭಾಗದ ಹಲ್ಲುಗಳು ಕೆಳಗಿನಿಂದ ಮೇಲಕ್ಕೆ ಕತ್ತರಿಸುತ್ತವೆ. ಕತ್ತರಿಸಿದ ಸೀಳು ತೆರೆದಿರುವವರೆಗೆ ಎಲ್ಲವೂ ಸರಾಗ. ಹಲಗೆ ಎರಡೂ ತುದಿಗಳಲ್ಲಿ ಮಾತ್ರ ಆಧಾರ ಪಡೆದಿದ್ದರೆ, ಮಧ್ಯದಲ್ಲಿ ಕತ್ತರಿಸುತ್ತ ಹೋದಂತೆ ಅದು ತನ್ನ ಭಾರಕ್ಕೇ ಕೆಳಗೆ ಬಾಗುತ್ತದೆ, ಸೀಳಿನ ಮೇಲ್ಬದಿಯ ತುಟಿಗಳು ಮುಚ್ಚಿಕೊಂಡು ಬ್ಲೇಡನ್ನು ಹಿಡಿಯುತ್ತವೆ. ಹಿಡಿತಕ್ಕೆ ಸಿಕ್ಕ ಬ್ಲೇಡ್ ಹಲಗೆಯನ್ನು ಕತ್ತರಿಸುವ ಬದಲು ಅದರ ಮೇಲೆ ಚಕ್ರದಂತೆ ಹತ್ತಿ, ಇಡೀ ಯಂತ್ರವನ್ನು ನಿಮ್ಮ ಕಡೆಗೆ ಹಿಂದಕ್ಕೆ ಎಸೆಯುತ್ತದೆ.

ಇದನ್ನು ತಪ್ಪಿಸುವ ದಾರಿ ತೋಳಿನ ಬಲದಲ್ಲಿಲ್ಲ, ಆಧಾರ ಕೊಡುವ ರೀತಿಯಲ್ಲಿದೆ. ಚಿಕ್ಕ ತುಂಡು ಕತ್ತರಿಸಿ ಬೀಳುವುದಾದರೆ ಆ ತುಂಡು ಮೇಜಿನ ಹೊರಗೆ ತೇಲಲಿ, ಬಾಗಿದಾಗ ಸೀಳು ತೆರೆದುಕೊಳ್ಳುತ್ತದೆ. ಪ್ಲೈವುಡ್‌ನ ದೊಡ್ಡ ಹಾಳೆಯನ್ನು ನಡುವೆ ಸೀಳುವುದಾದರೆ ನೆಲದ ಮೇಲೆ ನಾಲ್ಕು ರೀಪುಗಳನ್ನು ಹಾಸಿ, ಎರಡೆರಡು ಸೀಳಿನ ಆಚೆ ಈಚೆ ಬರುವಂತೆ ಹಾಳೆಯನ್ನಿಡಿ; ಆಗ ಎರಡೂ ಅರ್ಧಗಳು ತಮ್ಮ ಕಾಲ ಮೇಲೆ ತಾವೇ ನಿಲ್ಲುತ್ತವೆ.

ಬ್ಲೇಡಿನ ಆಳವನ್ನು ಹಲಗೆಯ ದಪ್ಪಕ್ಕಿಂತ ಸುಮಾರು 5 ಮಿಲಿಮೀಟರ್ ಮಾತ್ರ ಹೆಚ್ಚಾಗಿಡಿ. ಹೊರಗೆ ಚಾಚಿದ ಬ್ಲೇಡ್ ಕಡಿಮೆಯಾದಷ್ಟೂ ಸಿಕ್ಕಿಕೊಳ್ಳುವ ಭಾಗ ಕಡಿಮೆ, ಕೆಳಗೆ ತಾಗುವ ವಸ್ತುಗಳೂ ಕಡಿಮೆ. ಗರಗಸದ ತಳದ ಅಗಲವಾದ ಭಾಗ ಆಧಾರವಿರುವ ಹಲಗೆಯ ಮೇಲಿರಲಿ, ಬೀಳುವ ತುಂಡಿನ ಮೇಲಲ್ಲ. ಮೈ ಬ್ಲೇಡಿನ ನೇರಕ್ಕೆ ಇರದೆ ಪಕ್ಕಕ್ಕಿರಲಿ. ಬ್ಲೇಡ್ ಪೂರ್ಣ ವೇಗಕ್ಕೆ ಬಂದ ಮೇಲೆ ಮರಕ್ಕೆ ತಾಗಿಸಿ. ಗೆರೆ ತಪ್ಪಿದರೆ ಓಡುತ್ತಿರುವಾಗಲೇ ತಿರುಚಿ ಸರಿಪಡಿಸಲು ಹೋಗಬೇಡಿ, ಹಿಂದಕ್ಕೆ ಎಳೆಯಲೂ ಬೇಡಿ. ಸ್ವಿಚ್ ಬಿಟ್ಟು, ಬ್ಲೇಡ್ ನಿಂತ ಮೇಲೆ ಹೊರತೆಗೆದು ಮತ್ತೆ ಆರಂಭಿಸಿ. ಕೆಳಗಿನ ಗಾರ್ಡ್ ತಾನಾಗಿ ಹಿಂದೆ ಸರಿದು ತಾನಾಗಿ ಮುಚ್ಚಿಕೊಳ್ಳುವಂತಿರಬೇಕು. ಅದನ್ನು ಬೆಣೆ ಹಾಕಿ ಅಥವಾ ತಂತಿ ಕಟ್ಟಿ ತೆರೆದಿಟ್ಟ ಗರಗಸವನ್ನು ಯಾರೇ ಕೊಟ್ಟರೂ ಮುಟ್ಟಬೇಡಿ.

ಟೇಬಲ್ ಸಾ

ಇಲ್ಲಿ ಯಂತ್ರ ನಿಂತಿರುತ್ತದೆ, ಹಲಗೆ ಚಲಿಸುತ್ತದೆ. ಆದ್ದರಿಂದ ಕಿಕ್‌ಬ್ಯಾಕ್ ಆದಾಗ ಎಸೆಯಲ್ಪಡುವುದು ಹಲಗೆ. ಹತ್ತು ಇಂಚಿನ ಬ್ಲೇಡಿನ ಅಂಚು 4,000 ಸುತ್ತಿನಲ್ಲಿ ಗಂಟೆಗೆ ಸುಮಾರು 190 ಕಿಲೋಮೀಟರ್ ವೇಗದಲ್ಲಿ ಚಲಿಸುತ್ತಿರುತ್ತದೆ. ಅದರ ಹಿಂಬದಿಯ ಹಲ್ಲುಗಳು ಮೇಲೇಳುತ್ತ ಹಲಗೆಯನ್ನು ಎತ್ತಿ, ಮುಂದಿರುವವರ ಹೊಟ್ಟೆಯ ಎತ್ತರಕ್ಕೆ ಎಸೆಯುತ್ತವೆ. ಹಲಗೆಯ ಜೊತೆ ಅದನ್ನು ಒತ್ತಿಹಿಡಿದ ಕೈಯೂ ಬ್ಲೇಡಿನ ಮೇಲೆ ಎಳೆಯಲ್ಪಡುತ್ತದೆ. ಬ್ಲೇಡಿನ ಬೆನ್ನಿಗೆ ಕೆಲವೇ ಮಿಲಿಮೀಟರ್ ದೂರದಲ್ಲಿ ನಿಲ್ಲುವ ರೈವಿಂಗ್ ನೈಫ್ ಎಂಬ ಉಕ್ಕಿನ ಪಟ್ಟಿ ಸೀಳನ್ನು ತೆರೆದಿಟ್ಟು ಇದನ್ನು ತಡೆಯುತ್ತದೆ. ಅದನ್ನು ತೆಗೆದು ಮೂಲೆಗಿಟ್ಟ ಯಂತ್ರಗಳನ್ನು ಕಂಡಾಗಲೆಲ್ಲ ನನಗೆ ಸಂಕಟವಾಗುತ್ತದೆ.

ಬ್ಲೇಡಿಗೆ ಸಮಾನಾಂತರವಾಗಿ ನಿಲ್ಲುವ ಪಟ್ಟಿಯಾದ ಫೆನ್ಸ್ ಅಥವಾ ಅಡ್ಡ ಕತ್ತರಿಸುವಾಗ ಹಲಗೆಯನ್ನು ಬೇಕಾದ ಕೋನಕ್ಕೆ ಹಿಡಿದು ಜಾರುವ ಮೈಟರ್ ಗೇಜ್, ಎರಡರಲ್ಲಿ ಒಂದರ ಆಧಾರವಿಲ್ಲದೆ ಬರಿಗೈಯಿಂದ ಹಲಗೆಯನ್ನು ಬ್ಲೇಡಿಗೆ ತಳ್ಳಬಾರದು. ಆದರೆ ಅಡ್ಡ ಕತ್ತರಿಸುವಾಗ ಎರಡನ್ನೂ ಒಟ್ಟಿಗೆ ಬಳಸಲೂಬಾರದು. ಕತ್ತರಿಸಿದ ತುಂಡು ಬ್ಲೇಡಿಗೂ ಫೆನ್ಸಿಗೂ ನಡುವೆ ಸಿಕ್ಕಿ ಓರೆಯಾಗಿ ಹಾರುತ್ತದೆ. ಸೀಳುವಾಗ ಬ್ಲೇಡಿಗೂ ಫೆನ್ಸಿಗೂ ನಡುವಿನ ಅಂತರ ಒಂದು ಅಂಗೈಗಿಂತ ಕಡಿಮೆಯಿದ್ದರೆ ತಳ್ಳುಕೋಲು ಬೇಕೇ ಬೇಕು. ಅದನ್ನು ಹಲಗೆ ಅರ್ಧ ದಾಟಿದ ಮೇಲೆ ಹುಡುಕುವಂತಾಗಬಾರದು, ಮೊದಲೇ ಕೈಗೆ ಸಿಗುವಲ್ಲಿ ಇಟ್ಟುಕೊಳ್ಳಬೇಕು.

ಬೆರಳು ತಾಗಿದೊಡನೆ ಬ್ಲೇಡನ್ನು ನಿಲ್ಲಿಸುವ ತಂತ್ರವನ್ನು ಅಮೆರಿಕದ ಸ್ಟೀವ್ ಗ್ಯಾಸ್ 1999ರಲ್ಲಿ ರೂಪಿಸಿದರು. ಮೈಯ ವಿದ್ಯುತ್ ಗುಣವನ್ನು ಗುರುತಿಸಿ, ಅಲ್ಯುಮಿನಿಯಂ ತುಂಡೊಂದನ್ನು ಹಲ್ಲುಗಳಿಗೆ ನುಗ್ಗಿಸಿ, ಸುಮಾರು 5 ಮಿಲಿಸೆಕೆಂಡಿನಲ್ಲಿ ಬ್ಲೇಡನ್ನು ಹಿಡಿದು ನಿಲ್ಲಿಸುವ ಸಾಸ್ಟಾಪ್ ಯಂತ್ರಗಳು ಈಗ ಸಿಗುತ್ತವೆ. ಅದು ನಿಜಕ್ಕೂ ದೊಡ್ಡ ಉಪಕಾರ. ಆದರೆ ಅದು ತಡೆಯುವುದು ಬೆರಳು ಹೋಗುವುದನ್ನು, ಹಲಗೆ ಹಾರುವುದನ್ನಲ್ಲ.

ಆಂಗಲ್ ಗ್ರೈಂಡರ್

ಮನೆಯ ಉಪಕರಣಗಳಲ್ಲಿ ನಾನು ಅತ್ಯಂತ ಹೆಚ್ಚು ಹೆದರುವುದು ಇದಕ್ಕೆ. ಸಣ್ಣದು, ಅಗ್ಗದ್ದು, ಎಲ್ಲರ ಬಳಿಯೂ ಇರುವಂಥದ್ದು, ಹಾಗೂ ಎಲ್ಲ ಕೆಲಸಕ್ಕೂ ಬಳಸಲ್ಪಡುವಂಥದ್ದು. 125 ಮಿಲಿಮೀಟರಿನ ಗ್ರೈಂಡರ್ ನಿಮಿಷಕ್ಕೆ ಸುಮಾರು 11,000 ಸುತ್ತು ತಿರುಗುತ್ತದೆ. ಡಿಸ್ಕಿನ ಅಂಚು ಸೆಕೆಂಡಿಗೆ 72 ಮೀಟರ್ ಓಡುತ್ತದೆ. ಡಿಸ್ಕುಗಳನ್ನು ಸಾಮಾನ್ಯವಾಗಿ ಸೆಕೆಂಡಿಗೆ 80 ಮೀಟರ್ ಮಿತಿಗೆ ತಯಾರಿಸಿರುತ್ತಾರೆ. ಗಾರ್ಡ್ ತೆಗೆದು, ದೊಡ್ಡ ಗ್ರೈಂಡರಿನ 230 ಮಿಲಿಮೀಟರ್ ಡಿಸ್ಕನ್ನು ಇದಕ್ಕೆ ಹಾಕಿದರೆ ಅಂಚಿನ ವೇಗ 132 ಮೀಟರಿಗೆ ಏರುತ್ತದೆ. ಆ ಡಿಸ್ಕ್ ಚೂರಾಗುತ್ತದೆ, ಚೂರುಗಳು ಗುಂಡಿನಂತೆ ಹಾರುತ್ತವೆ.

ಡಿಸ್ಕ್ ಬದಲಿಸುವ ಕ್ರಮ ಹೀಗಿರಲಿ.

1. ಪ್ಲಗ್ ಕಿತ್ತು ಕಣ್ಣೆದುರು ಇಡಿ. ಡಿಸ್ಕ್ ಪೂರ್ತಿ ನಿಂತಿರಲಿ.
2. ಹೊಸ ಡಿಸ್ಕಿನ ಮೇಲೆ ಬರೆದಿರುವ ಗರಿಷ್ಠ ಸುತ್ತು ಗ್ರೈಂಡರಿನ ಫಲಕದಲ್ಲಿರುವ ಸುತ್ತಿಗಿಂತ ಹೆಚ್ಚಾಗಿದೆಯೇ ಎಂದು ಓದಿ ನೋಡಿ.
3. ನಡುವಿನ ಲೋಹದ ಉಂಗುರದ ಮೇಲೆ ಒತ್ತಿರುವ ಅವಧಿಯನ್ನು ನೋಡಿ. ಡಿಸ್ಕಿನ ಕಣಗಳನ್ನು ಹಿಡಿದಿಟ್ಟಿರುವ ರಾಳ ತೇವಕ್ಕೂ ಕಾಲಕ್ಕೂ ಸೋಲುತ್ತದೆ, ಆದ್ದರಿಂದ ಅವಧಿ ಮುಗಿದದ್ದನ್ನು ಮುರಿದು ಎಸೆಯಿರಿ.
4. ಬಿರುಕು, ಮುಕ್ಕಾದ ಅಂಚು, ತೇವದ ಕಲೆ ಇದ್ದರೆ, ಒಮ್ಮೆಯಾದರೂ ನೆಲಕ್ಕೆ ಬಿದ್ದಿದ್ದರೆ ಬಳಸಬೇಡಿ.
5. ಗಾರ್ಡನ್ನು ಡಿಸ್ಕಿಗೂ ನಿಮಗೂ ನಡುವೆ ಬರುವಂತೆ ತಿರುಗಿಸಿ ಬಿಗಿಯಿರಿ, ಪಕ್ಕದ ಹಿಡಿಕೆಯನ್ನು ಹಾಕಿ.
6. ಮುಖ ಪಕ್ಕಕ್ಕಿಟ್ಟು, ಯಾರೂ ಇಲ್ಲದ ಕಡೆಗೆ ತಿರುಗಿಸಿ, ಹೊರೆಯಿಲ್ಲದೆ ಒಂದು ನಿಮಿಷ ಓಡಿಸಿ. ಒಡೆಯುವ ಡಿಸ್ಕ್ ಬಹುತೇಕ ಈ ಹೊತ್ತಿನಲ್ಲೇ ಒಡೆಯುತ್ತದೆ.

ಕತ್ತರಿಸುವ ತೆಳ್ಳನೆಯ ಡಿಸ್ಕಿನ ಪಕ್ಕದಿಂದ ಉಜ್ಜಬಾರದು. ಅದು ಅಂಚಿನ ಒತ್ತಡಕ್ಕೆ ತಡೆಯುತ್ತದೆ, ಪಕ್ಕದ ಒತ್ತಡಕ್ಕೆ ತಡೆಯುವುದಿಲ್ಲ. ಮರ ಕತ್ತರಿಸಲು ಹಲ್ಲಿನ ಗರಗಸದ ಬ್ಲೇಡನ್ನು ಗ್ರೈಂಡರಿಗೆ ಹಾಕುವವರಿದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ. ಆ ವೇಗದಲ್ಲಿ ಹಲ್ಲು ಮರವನ್ನು ಕಚ್ಚಿದರೆ ಸಣ್ಣ ಹಿಡಿಕೆಯ ಆ ಯಂತ್ರವನ್ನು ಯಾವ ಕೈಯೂ ಹಿಡಿದಿಡಲಾರದು, ಕುತ್ತಿಗೆ ಮತ್ತು ತೊಡೆಗೆ ಆಗುವ ಗಾಯಗಳು ಅಲ್ಲಿಂದ ಬರುತ್ತವೆ.

ಡಿಸ್ಕ್ ಸಿಕ್ಕಿಕೊಂಡಾಗ, ಸಿಕ್ಕಿದ ಜಾಗದಲ್ಲಿ ಅದು ತಿರುಗುತ್ತಿದ್ದ ದಿಕ್ಕಿಗೆ ಎದುರಾಗಿ ಗ್ರೈಂಡರ್ ಚಿಮ್ಮುತ್ತದೆ. ಕಬ್ಬಿಣದ ಪೈಪನ್ನು ಕತ್ತರಿಸುವಾಗಲೂ ಗರಗಸದ ಆಧಾರದ ನಿಯಮವೇ ಅನ್ವಯಿಸುತ್ತದೆ: ವೈಸಿನ ಹೊರಗಿರುವ ತುಂಡು ಬಾಗಿದಾಗ ಸೀಳು ತೆರೆಯುವಂತಿರಲಿ. ಕಿಡಿಗಳು ಹಲವು ಮೀಟರ್ ಹೋಗುತ್ತವೆ; ಆ ದಿಕ್ಕಿನಲ್ಲಿ ಥಿನ್ನರ್, ಬಣ್ಣದ ಡಬ್ಬಿ, ಬಟ್ಟೆ, ಮರದ ಹೊಟ್ಟು ಇರಬಾರದು. ಮರ ಕೊಯ್ದ ಜಾಗದಲ್ಲೇ ಕಬ್ಬಿಣ ಉಜ್ಜುವುದಾದರೆ ಮೊದಲು ಪೂರ್ತಿ ಗುಡಿಸಬೇಕು. ಹೊಟ್ಟಿನೊಳಗೆ ಹೊಕ್ಕ ಕಿಡಿ ಹೊಗೆಯೂ ಕಾಣದಂತೆ ಗಂಟೆಗಟ್ಟಲೆ ಒಳಗೇ ಕೆಂಡವಾಗಿದ್ದು, ನೀವು ಮಲಗಿದ ಮೇಲೆ ಹೊತ್ತಿಕೊಳ್ಳಬಹುದು.

ಬೆಂಚ್ ಗ್ರೈಂಡರ್, ರೂಟರ್ ಮತ್ತು ಉಳಿದವು

ಬೆಂಚ್ ಗ್ರೈಂಡರಿನ ಸಾಣೆಕಲ್ಲನ್ನು ಕೂರಿಸುವ ಮೊದಲು ಅದರ ನಡುವಿನ ರಂಧ್ರದಲ್ಲಿ ಬೆರಳು ತೂರಿಸಿ ತೂಗುಹಾಕಿ, ಸ್ಕ್ರೂಡ್ರೈವರಿನ ಮರದ ಹಿಡಿಯಿಂದ ಮೆಲ್ಲಗೆ ತಟ್ಟಿ ನೋಡಿ. ಗಟ್ಟಿಯಾದ ಕಲ್ಲು ಗಂಟೆಯಂತೆ ನಾದ ಕೊಡುತ್ತದೆ. ಒಡಕು ಸದ್ದು ಬಂದರೆ ಒಳಗೆ ಬಿರುಕಿದೆ. ಸಾಮಾನು ಊರುವ ಪಟ್ಟಿ ಕಲ್ಲಿನಿಂದ 3 ಮಿಲಿಮೀಟರಿಗಿಂತ ದೂರ ಇರಬಾರದು, ಮೇಲಿನ ನಾಲಗೆಯಂಥ ಗಾರ್ಡ್ ಪಟ್ಟಿ 6 ಮಿಲಿಮೀಟರಿಗಿಂತ ದೂರ ಇರಬಾರದು. ಕಲ್ಲು ಸವೆದಂತೆ ಎರಡನ್ನೂ ಹತ್ತಿರಕ್ಕೆ ತರುತ್ತಿರಬೇಕು, ಇಲ್ಲವಾದರೆ ತುಂಡು ಆ ಸಂದಿಗೆ ಬೆಣೆಯಾಗಿ ಕಲ್ಲನ್ನೇ ಒಡೆಯುತ್ತದೆ.

ರೂಟರಿನಲ್ಲಿ ದಿಕ್ಕೇ ಮುಖ್ಯ. ಹಲಗೆಯ ಹೊರ ಅಂಚಿನಲ್ಲಿ ಗಡಿಯಾರದ ಮುಳ್ಳಿಗೆ ವಿರುದ್ಧವಾಗಿ, ಒಳಗೆ ಕೊರೆದ ಕಿಂಡಿಯ ಅಂಚಿನಲ್ಲಿ ಮುಳ್ಳಿನಂತೆಯೇ ಸಾಗಬೇಕು. ಆಗ ಬಿಟ್ ಮರಕ್ಕೆ ಎದುರಾಗಿ ಕೆಲಸ ಮಾಡುತ್ತದೆ. ತಿರುವುಮುರುವಾದರೆ ಯಂತ್ರ ಅಂಚಿನುದ್ದಕ್ಕೂ ಓಡಿಹೋಗುತ್ತದೆ. ಬಿಟ್ಟಿನ ಕಾಂಡವನ್ನು, ಅದನ್ನು ಹಿಡಿಯುವ ಬಾಯಿಯಾದ ಕಾಲೆಟ್ಟಿನ ತಳ ಮುಟ್ಟುವವರೆಗೆ ಇಳಿಸಿ, ಎರಡು ಮೂರು ಮಿಲಿಮೀಟರ್ ಮೇಲಕ್ಕೆತ್ತಿ ಬಿಗಿಯಿರಿ. ಆಳವಾದ ತೋಡನ್ನು ಒಂದೇ ಸಲ ಕೊರೆಯದೆ ಮೂರು ನಾಲ್ಕು ಸಲಕ್ಕೆ ಕೊರೆಯಿರಿ, ಅಗಲವಾದ ಬಿಟ್ಟಿಗೆ ವೇಗ ತಗ್ಗಿಸಿ.

ಜಿಗ್‌ಸಾ ಯಂತ್ರದ ಮೇಲೆ ಕೆಳಗೆ ಆಡುವ ಸಣ್ಣ ಬ್ಲೇಡ್ ಹಲಗೆಯ ಕೆಳಗೆ ಕಾಣದಂತೆ ಚಾಚಿರುತ್ತದೆ, ಆದ್ದರಿಂದ ಆಧಾರ ಕೊಡುವ ಕೈ ಅಡಿಗೆ ಹೋಗಬಾರದು. ಮರಳುಕಾಗದದಿಂದ ಉಜ್ಜುವ ಸ್ಯಾಂಡರಿನ ಅಪಾಯ ಧೂಳಿನದು, ಅದನ್ನು ಹೇಳಿಯಾಗಿದೆ.

ಕೆಲಸ ನಿಲ್ಲಿಸುವಾಗ

ಸ್ವಿಚ್ ಬಿಟ್ಟ ಮೇಲೂ ಬ್ಲೇಡ್, ಡಿಸ್ಕ್‌ಗಳು ಹಲವು ಸೆಕೆಂಡ್ ತಿರುಗುತ್ತಿರುತ್ತವೆ. ಅವು ನಿಲ್ಲುವವರೆಗೆ ಉಪಕರಣ ಕೈಯಲ್ಲೇ ಇರಲಿ, ಕತ್ತರಿಸಿದ ಚೂರನ್ನು ಎತ್ತಿಕೊಳ್ಳಲು ಕೈ ಚಾಚಬೇಡಿ. ಉಬ್ಬಿದ, ಬಿದ್ದು ಸೀಳಿದ ಲಿಥಿಯಂ ಬ್ಯಾಟರಿಯನ್ನು ಚಾರ್ಜ್ ಮಾಡಬೇಡಿ. ಅಗಸೆ ಎಣ್ಣೆಯಿಂದ ಮರಕ್ಕೆ ಪಾಲಿಶ್ ಮಾಡಿದ್ದರೆ ಆ ಬಟ್ಟೆಗಳನ್ನು ಮುದ್ದೆ ಮಾಡಿ ಎಸೆಯಬಾರದು. ಎಣ್ಣೆ ಗಾಳಿಯೊಡನೆ ಸೇರುತ್ತ ಬಿಸಿಯಾಗಿ ತಾನಾಗಿ ಉರಿಯುತ್ತದೆ. ಒಂದೊಂದಾಗಿ ಹೊರಗೆ ಹರಡಿ ಒಣಗಿಸಿ, ಅಥವಾ ನೀರು ತುಂಬಿದ ಮುಚ್ಚಳದ ಲೋಹದ ಡಬ್ಬಿಗೆ ಹಾಕಿ.

ದಣಿದಾಗ, ಸಿಟ್ಟಿನಲ್ಲಿರುವಾಗ, ನಿದ್ರೆ ತರಿಸುವ ಔಷಧಿ ತೆಗೆದುಕೊಂಡಾಗ ಅಥವಾ ಕುಡಿದಾಗ ಈ ಯಂತ್ರಗಳ ಬಳಿ ಹೋಗಬಾರದು. ಕತ್ತಲಾಗುವುದರೊಳಗೆ ಇದೊಂದನ್ನು ಮುಗಿಸಿಬಿಡೋಣ ಎನ್ನಿಸಿದಾಗ ಮೂರು ಪ್ರಶ್ನೆಗಳನ್ನು ಕೇಳಿಕೊಳ್ಳುವ ವ್ಯವಧಾನವೇ ಉಳಿದಿರುವುದಿಲ್ಲ. ಅಂಥ ಹೊತ್ತಿನಲ್ಲಿ ನಾನು ಪ್ಲಗ್ ಕಿತ್ತುಬಿಡುತ್ತೇನೆ.

ಗಾಯವಾದರೆ

ಪ್ರಥಮ ಚಿಕಿತ್ಸೆಯ ಪೆಟ್ಟಿಗೆ ಬಾಗಿಲ ಬಳಿ, ಒಂದೇ ಕೈಯಿಂದ ತೆರೆಯುವಂತಿರಲಿ, ಫೋನ್ ಜೇಬಿನಲ್ಲಿರಲಿ. ರಕ್ತ ಹರಿಯುತ್ತಿದ್ದರೆ ಸ್ವಚ್ಛ ಬಟ್ಟೆಯನ್ನು ಗಾಯದ ಮೇಲೆಯೇ ಬಲವಾಗಿ ಒತ್ತಿ ಹಿಡಿಯಿರಿ, ನೋಡುವ ಆತುರಕ್ಕೆ ಮತ್ತೆ ಮತ್ತೆ ಎತ್ತಬೇಡಿ. ಬಟ್ಟೆ ನೆನೆದರೆ ಅದರ ಮೇಲೇ ಇನ್ನೊಂದನ್ನಿಟ್ಟು ಒತ್ತಿ. ಕಣ್ಣಿಗೆ ಲೋಹದ ಚೂರು ಹೊಕ್ಕಿದ್ದರೆ ಉಜ್ಜಬಾರದು, ಕೀಳಬಾರದು. ಒತ್ತಡ ಬೀಳದಂತೆ ಮೇಲೊಂದು ಬಟ್ಟಲಿನಂಥ ಮರೆ ಕಟ್ಟಿ ಕಣ್ಣಿನ ವೈದ್ಯರ ಬಳಿ ಹೋಗಬೇಕು. ವೇಗವಾಗಿ ಬಂದ ಸಣ್ಣ ಚೂರು ಚುಚ್ಚಿದ್ದೇ ತಿಳಿಯದಂತೆ ಒಳಹೋಗಿರಬಹುದು, ಆದ್ದರಿಂದ ಏನೋ ತಾಗಿದಂತಾಗಿ ಆಮೇಲೆ ಸರಿಹೋಯಿತೆನಿಸಿದರೂ ಅದೇ ದಿನ ತೋರಿಸಿ.

ಬೆರಳು ತುಂಡಾಗಿದ್ದರೆ ತುಂಡನ್ನು ಹುಡುಕಿ ತೆಗೆದುಕೊಳ್ಳಿ. ಅದನ್ನು ಶುದ್ಧ ನೀರಿನಲ್ಲಿ ಹಿಂಡಿದ ತೇವದ ಬಟ್ಟೆಯಲ್ಲಿ ಸುತ್ತಿ, ಪ್ಲಾಸ್ಟಿಕ್ ಚೀಲದಲ್ಲಿಟ್ಟು ಬಾಯಿ ಕಟ್ಟಿ, ಆ ಚೀಲವನ್ನು ಮಂಜುಗಡ್ಡೆ ಬೆರೆಸಿದ ನೀರಿನ ಇನ್ನೊಂದು ಪಾತ್ರೆಯಲ್ಲಿಡಿ. ಮಂಜುಗಡ್ಡೆ ನೇರವಾಗಿ ತಾಗಿದರೆ ಜೀವಕೋಶಗಳು ಸುಟ್ಟಂತಾಗುತ್ತವೆ, ನೀರಿನಲ್ಲಿ ಮುಳುಗಿಸಿಟ್ಟರೆ ಊದಿಕೊಳ್ಳುತ್ತವೆ. ಎರಡರಿಂದಲೂ ಮತ್ತೆ ಜೋಡಿಸುವ ಸಾಧ್ಯತೆ ಕುಗ್ಗುತ್ತದೆ. ಗಾಯಗೊಂಡವರೇ ವಾಹನ ಓಡಿಸಿಕೊಂಡು ಹೋಗಬಾರದು. ಅಪಘಾತವಾದ ಸಮಯವನ್ನು ಗಮನಿಸಿಟ್ಟುಕೊಂಡು ವೈದ್ಯರಿಗೆ ಹೇಳಿ, ಅವರು ಕೇಳುವ ಮೊದಲ ಪ್ರಶ್ನೆಗಳಲ್ಲಿ ಅದೂ ಒಂದು.